141 ಹರ್ಟ್ಜ್: ಒಂದು ಪುಟ್ಟ ಬೂತಿನ ದುರಸ್ತಿ

ಧ್ವನಿಪುಸ್ತಕಗಳ ಓದಿಗೆಂದು ಕಟ್ಟಿದ್ದ ಒಂದು ವಾಯ್ಸ್ ಬೂತನ್ನು ಸರಿಪಡಿಸಿಕೊಡುವ ಕೆಲಸ ನನ್ನ ಪಾಲಿಗೆ ಬಂದಾಗ, ಅದರ ಒಳಗೋಡೆಗಳು ನೆಲದಿಂದ ಚಾವಣಿಯವರೆಗೆ ಒಂದು ಅಂಗುಲ ದಪ್ಪದ ಫೋಮಿನಿಂದ ಮುಚ್ಚಿಹೋಗಿದ್ದವು. ಒಳಗೆ ನಿಂತು ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ಅಡಗುತ್ತಿತ್ತು. ಪ್ರತಿಧ್ವನಿಯ ಸುಳಿವೂ ಇರಲಿಲ್ಲ. ಆದರೂ ಅಲ್ಲಿ ಮುದ್ರಿಸಿದ ಯಾವ ಓದನ್ನು ಹೆಡ್‌ಫೋನಿನಲ್ಲಿ ಕೇಳಿದರೂ ಮುಚ್ಚಿದ ಪೆಟ್ಟಿಗೆಯೊಳಗಿಂದ ಯಾರೋ ಮಾತನಾಡುತ್ತಿರುವಂತೆ ಅನ್ನಿಸುತ್ತಿತ್ತು. ಸ, ಶ, ಷಗಳು ಮೊನೆ ಕಳೆದುಕೊಂಡು ಮಂಕಾಗಿದ್ದವು, ದನಿಯ ಕೆಳಭಾಗ ಮಾತ್ರ ಅಲ್ಲಲ್ಲಿ ಊದಿಕೊಂಡಿತ್ತು. ಅಲ್ಲಿ ಹೆಚ್ಚಾಗಿ ಓದುತ್ತಿದ್ದ ಹಿರಿಯರೊಬ್ಬರು, “ನನ್ನ ದನಿ ಇಷ್ಟು ದಪ್ಪವೇನ್ರೀ? ಮನೆಯಲ್ಲಿ ಮಾತಾಡುವಾಗ ಹೀಗಿರೋದಿಲ್ಲವಲ್ಲ” ಎಂದು ಬೇಸರದಿಂದಲೇ ಕೇಳಿದರು. ಅವರ ದನಿಯಲ್ಲಿ ದೋಷವೇನೂ ಇರಲಿಲ್ಲ.

ನಾನು ಮೊದಲು ತೆಗೆದದ್ದು ಅಳತೆಯ ಟೇಪು. ಬೂತಿನ ಉದ್ದ ನಾಲ್ಕು ಅಡಿ, ಅಗಲ ನಾಲ್ಕು ಅಡಿ, ಎತ್ತರ ಎಂಟು ಅಡಿ. ಈ ಅಳತೆ ಎಲ್ಲಿಂದ ಬಂತೆಂದು ಯಾರೂ ಹೇಳಬೇಕಾಗಿರಲಿಲ್ಲ, ಏಕೆಂದರೆ ಪ್ಲೈವುಡ್ ಹಾಳೆ ಸಾಮಾನ್ಯವಾಗಿ ಬರುವುದೇ ಎಂಟಕ್ಕೆ ನಾಲ್ಕಡಿಯಲ್ಲಿ. ಹಾಳೆಯನ್ನು ಕೊಯ್ಯದೆ ನಿಲ್ಲಿಸಿದರೆ ಮರಗೆಲಸದವರಿಗೆ ಶ್ರಮ ಕಡಿಮೆ, ಚೂರು ಹಾಳಾಗುವುದೂ ಇಲ್ಲ. ಶಬ್ದದ ದೃಷ್ಟಿಯಿಂದ ಮಾತ್ರ ಇದಕ್ಕಿಂತ ಕೆಟ್ಟ ಅಳತೆಯನ್ನು ಹುಡುಕುವುದು ಕಷ್ಟ. ಎದುರುಬದುರಾದ ಎರಡು ಗೋಡೆಗಳ ನಡುವೆ, ಅವುಗಳ ಅಂತರದ ಎರಡರಷ್ಟು ತರಂಗಾಂತರವಿರುವ ಶಬ್ದವು ಹೋಗಿಬಂದು ತನ್ನ ಮೇಲೆ ತಾನೇ ಕೂಡಿಕೊಂಡು ನಿಂತ ತರಂಗವಾಗುತ್ತದೆ; ಆ ಸ್ವರ ಮಾತ್ರ ಜೋರಾಗಿ ಮೊಳಗುತ್ತದೆ, ಇದೇ ಅನುರಣನೆ. ಸಾಧಾರಣ ಕೋಣೆಯ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ನಾಲ್ಕಡಿಯೆಂದರೆ 1.22 ಮೀಟರ್, ಲೆಕ್ಕ ಹಾಕಿದರೆ ಸುಮಾರು 141 ಹರ್ಟ್ಜ್, ಅಂದರೆ ಸೆಕೆಂಡಿಗೆ 141 ಕಂಪನ ಬರುತ್ತದೆ. ಅಗಲಕ್ಕೂ ಉದ್ದಕ್ಕೂ ಅದೇ ಸಂಖ್ಯೆ. ಎತ್ತರ ಅದರ ಎರಡರಷ್ಟಿರುವುದರಿಂದ ಅಲ್ಲಿ ಮೊದಲನೆಯ ಅನುರಣನೆ 70 ಹರ್ಟ್ಜ್ ಹತ್ತಿರ, ಎರಡನೆಯದು ಅದರ ಎರಡರಷ್ಟು, ಅಂದರೆ ಮತ್ತೆ 141. ಹೀಗೆ ಮೂರು ದಿಕ್ಕುಗಳೂ ಒಂದೇ ಸ್ವರದ ಮೇಲೆ ಬಂದು ಕೂತಿದ್ದವು, ಮತ್ತು ಆ ಸ್ವರ ಗಂಡುದನಿ ಮಾತಿನಲ್ಲಿ ಏರಿಳಿಯುವ ವ್ಯಾಪ್ತಿಯ ಒಳಗೇ ಇತ್ತು.

ಲೆಕ್ಕವನ್ನು ಕಿವಿಯಿಂದಲೂ ಖಚಿತಪಡಿಸಿಕೊಳ್ಳಬೇಕಲ್ಲವೇ? ಒಂದು ಸ್ಪೀಕರನ್ನು ಮೂಲೆಯಲ್ಲಿಟ್ಟು 60ರಿಂದ 300 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸ್ವರವನ್ನು ನುಡಿಸಿ ಮೈಕಿನಲ್ಲಿ ಹಿಡಿದೆ; ಪರದೆಯ ಮೇಲಿನ ಗೆರೆ 140ರ ಆಸುಪಾಸಿನಲ್ಲಿ ಗುಡ್ಡದಂತೆ ಎದ್ದು ನಿಂತಿತು. ಆದರೆ ಓದುವ ಹಿರಿಯರಿಗೆ ಮನವರಿಕೆಯಾದದ್ದು ಆ ಗೆರೆಯಿಂದಲ್ಲ. ಬಾಯಿ ಮುಚ್ಚಿಕೊಂಡು ಹೂಂಕಾರವನ್ನು ತಗ್ಗಿನಿಂದ ಮೆಲ್ಲಗೆ ಏರಿಸುತ್ತ ಹೋಗಿ ಎಂದು ಅವರನ್ನು ಕೇಳಿಕೊಂಡೆ. ಒಂದು ಹಂತದಲ್ಲಿ ಅವರು ಜೋರು ಮಾಡದಿದ್ದರೂ ಬೂತು ತಾನಾಗಿ ಗುಂಯ್‌ಗುಟ್ಟಿತು. ಅಂಗೈಯನ್ನು ಪ್ಲೈವುಡ್ಡಿನ ಬಾಗಿಲಿಗೆ ಒತ್ತಿ ಹಿಡಿದಿದ್ದ ನನಗೆ ನಡುಕ ತಿಳಿಯುವಷ್ಟು. ಸ್ವರ ಸ್ವಲ್ಪ ಮೇಲೆ ಸರಿದೊಡನೆ ಎಲ್ಲ ತಣ್ಣಗಾಯಿತು. ವಾಕ್ಯದ ನಡುವೆ ಅವರ ದನಿ ಆ ಸ್ವರವನ್ನು ಹಾಯ್ದಾಗಲೆಲ್ಲ ಒಂದು ಪದ ಮಾತ್ರ ಊದಿಕೊಳ್ಳುತ್ತಿದ್ದುದರ ಕಾರಣ ಅದೇ.

ಹಾಗಾದರೆ ಇಷ್ಟೊಂದು ಫೋಮು ಏನು ಮಾಡುತ್ತಿತ್ತು? ಫೋಮಿನಂಥ ಸಣ್ಣ ರಂಧ್ರಗಳ ವಸ್ತು ಶಬ್ದವನ್ನು ಹೀರುವುದು ತನ್ನೊಳಗೆ ಗಾಳಿಯ ಕಣಗಳು ಅಲುಗಾಡುವಾಗ ಆಗುವ ಘರ್ಷಣೆಯಿಂದ. ಗೋಡೆಗೆ ತಾಗಿದಲ್ಲಿ ಗಾಳಿ ಅಲುಗಾಡುವುದೇ ಇಲ್ಲ, ಅಲ್ಲಿರುವುದು ಬರಿಯ ಒತ್ತಡ. ಚಲನೆ ಗರಿಷ್ಠವಾಗುವುದು ಗೋಡೆಯಿಂದ ಕಾಲು ತರಂಗಾಂತರದಷ್ಟು ದೂರದಲ್ಲಿ. 141 ಹರ್ಟ್ಜ್‌ಗೆ ಆ ದೂರ ಸುಮಾರು ಎರಡು ಅಡಿ. ಗೋಡೆಗೆ ಅಂಟಿಸಿದ ಒಂದು ಅಂಗುಲದ ಫೋಮು ಸಾವಿರ ಹರ್ಟ್ಜ್‌ನಿಂದ ಮೇಲಿನದನ್ನು ಚೆನ್ನಾಗಿ ನುಂಗುತ್ತದೆ, ಕೆಳಗಿನದಕ್ಕೆ ಅದು ಇದ್ದೂ ಇಲ್ಲದಂತೆ. ಎಲ್ಲ ಗೋಡೆಗೂ ಅದನ್ನೇ ಬಳಿದುಬಿಟ್ಟರೆ ದನಿಯ ಹೊಳಪಷ್ಟೇ ಹೋಗಿ, ತೊಂದರೆ ಇನ್ನಷ್ಟು ಬತ್ತಲಾಗಿ ಎದ್ದು ಕಾಣುತ್ತದೆ. ಹೊರಗಿನ ಸದ್ದನ್ನು ತಡೆಯಲು ಫೋಮು ಹಾಕುವವರೂ ಇದ್ದಾರೆ. ಸದ್ದು ತಡೆಯಲು ಬೇಕಾದದ್ದು ತೂಕ ಮತ್ತು ಸಂದುಗಳಿಲ್ಲದ ಬಾಗಿಲು, ಅದು ಬೇರೆಯೇ ಕೆಲಸ.

ಕೊಠಡಿಯ ಘನ ಅಳತೆಗೂ ಹೀರುವ ಮೈಗೂ ತಾಳೆ ಹಾಕಿ, ಸದ್ದು ನಿಂತ ಮೇಲೆ ಅದರ ಮೊಳಗು ಎಷ್ಟು ಹೊತ್ತು ಉಳಿಯುತ್ತದೆಂದು ಕಂಡುಹಿಡಿಯುವ ಸೂತ್ರವನ್ನು ಅಮೆರಿಕದ ಭೌತವಿಜ್ಞಾನಿ ವ್ಯಾಲೇಸ್ ಸ್ಯಾಬಿನ್ 1890ರ ದಶಕದಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಗೆ ಕುರ್ಚಿಯ ಮೆತ್ತೆಗಳನ್ನು ಹೊತ್ತು ತಂದು ಹಾಕಿ, ತೆಗೆದು ಕಂಡುಕೊಂಡರು. ಶಬ್ದ ಎಲ್ಲ ದಿಕ್ಕಿಗೂ ಸಮನಾಗಿ ಹರಡಿರುವ ದೊಡ್ಡ ಕೊಠಡಿಗೆ ಅದು ಒಪ್ಪುತ್ತದೆ. ಆದರೆ ಜರ್ಮನ್ ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ ಕೊಟ್ಟ ಅಂದಾಜಿನ ಪ್ರಕಾರ ಈ ಬೂತಿನಷ್ಟು ಚಿಕ್ಕ ಜಾಗದಲ್ಲಿ 400–500 ಹರ್ಟ್ಜ್‌ಗಿಂತ ಕೆಳಗೆ ಆಳುವುದು ಬಿಡಿಬಿಡಿಯಾದ ಅನುರಣನೆಗಳೇ. ಅಲ್ಲಿ ಎಷ್ಟು ಚದರಡಿ ಹೀರುವ ವಸ್ತು ಹಾಕಿದೆವು ಎಂಬುದಕ್ಕಿಂತ ಎಲ್ಲಿ ಹಾಕಿದೆವು, ಎಷ್ಟು ದಪ್ಪ ಹಾಕಿದೆವು ಎಂಬುದೇ ಮುಖ್ಯ.

ನಾಲ್ಕಡಿಯ ಅಗಲದಲ್ಲಿ ಬಿಟ್ಟುಕೊಡಲು ಜಾಗವಿಲ್ಲ. ಇದ್ದದ್ದು ತಲೆಯ ಮೇಲೆ. ಚಾವಣಿಯಿಂದ ಒಂದು ಅಡಿ ಕೆಳಗೆ ಆರು ಅಂಗುಲ ದಪ್ಪದ ರಾಕ್‌ವೂಲ್ (ಕಲ್ಲನ್ನು ಕರಗಿಸಿ ಎಳೆದ ನೂಲಿನ ಹಾಸು) ಚೌಕಟ್ಟನ್ನು ತೂಗುಹಾಕಿ, ಮೇಲಿನ ಜಾಗವನ್ನು ಖಾಲಿ ಬಿಟ್ಟೆವು. ಹಾಗೆ ಬಿಟ್ಟ ಖಾಲಿ ಗಾಳಿಯೂ ಕೆಲಸ ಮಾಡುತ್ತದೆ, ವಸ್ತುವನ್ನು ಗೋಡೆಯಿಂದ ದೂರಕ್ಕೆ, ಗಾಳಿ ಹೆಚ್ಚು ಅಲುಗಾಡುವ ಕಡೆಗೆ ತಂದಿಡುತ್ತದೆ. ಹಿಂಬದಿಯ ಎರಡು ಮೂಲೆಗಳಲ್ಲಿ ನೆಲದಿಂದ ಆ ಚೌಕಟ್ಟಿನವರೆಗೆ ಅಡಿಯಗಲದ ತ್ರಿಕೋನ ಕಂಬಗಳು ನಿಂತವು. ಮೂಲೆಯಲ್ಲಿ ಎರಡು ಜೊತೆ ಗೋಡೆಗಳು ಸೇರುವುದರಿಂದ ಒಂದೇ ಕಂಬ ಎರಡೂ ದಿಕ್ಕಿನ ತರಂಗವನ್ನು ಕಾಡುತ್ತದೆ. ಅವುಗಳ ನಡುವೆ ಓದುವವರ ಬೆನ್ನಿಗೆ ನಾಲ್ಕಂಗುಲದ ಹಲಗೆ, ಅದರ ಹಿಂದೆ ಎರಡಂಗುಲದ ಸಂದು. ರಾಕ್‌ವೂಲಿನ ನೂಲು ಚರ್ಮಕ್ಕೂ ಗಂಟಲಿಗೂ ಕಿರಿಕಿರಿ, ಆದ್ದರಿಂದ ಕೈಗವಸು, ಮುಖಗವಸು ಹಾಕಿಕೊಂಡೇ ಕೆಲಸ ಮಾಡಿದೆವು. ಮುಚ್ಚುವ ಬಟ್ಟೆಯನ್ನು ಆರಿಸುವಾಗ ಪ್ರತಿಯೊಂದನ್ನೂ ಬಾಯಿಗೆ ಹಿಡಿದು ಊದಿ ನೋಡಿದೆ: ಉಸಿರು ಸರಾಗವಾಗಿ ದಾಟದ ಬಟ್ಟೆಯನ್ನು ಶಬ್ದವೂ ಸರಾಗವಾಗಿ ದಾಟುವುದಿಲ್ಲ. ಕೊನೆಗೆ ಎರಡು ಪಕ್ಕದ ಗೋಡೆಗಳ ಅರ್ಧದಷ್ಟು ಫೋಮನ್ನು ಕಿತ್ತು, ಅಲ್ಲಿ ಬಿಡಿಬಿಡಿಯಾಗಿ ಮರದ ಪಟ್ಟಿಗಳನ್ನು ಹೊಡೆಸಿದೆ. ಹಾಕಿದ್ದನ್ನು ಕೀಳುವುದೆಂದರೆ ಬೂತಿನ ಒಡೆಯರಿಗೆ ಸಂಕಟವೇ, ಆದರೆ ಸಕಾರಗಳ ಹೊಳಪು ಮರಳಿ ಬಂದದ್ದು ಅದರಿಂದಲೇ.

ಇಷ್ಟೆಲ್ಲ ಆದ ಮೇಲೂ ಎಲ್ಲಕ್ಕಿಂತ ಹೆಚ್ಚು ಗುಣ ಕಂಡದ್ದು ಒಂದು ಕುರ್ಚಿಯನ್ನು ಹೊರಗಿಟ್ಟಾಗ. ಎಂಟಡಿ ಎತ್ತರದಲ್ಲಿ 141 ಹರ್ಟ್ಜ್‌ನ ಒತ್ತಡ ನೆಲದಲ್ಲಿ, ಚಾವಣಿಯಲ್ಲಿ ಮತ್ತು ಸರಿಯಾಗಿ ನಡುವೆ, ಅಂದರೆ ನಾಲ್ಕಡಿಯಲ್ಲಿ, ಗರಿಷ್ಠ. ಎರಡಡಿ ಮತ್ತು ಆರಡಿಯ ಮಟ್ಟದಲ್ಲಿ ಕನಿಷ್ಠ. ಕುರ್ಚಿಯಲ್ಲಿ ಕೂತವರ ಬಾಯಿ, ಎದುರಿನ ಮೈಕು ಎರಡೂ ಹೆಚ್ಚುಕಡಿಮೆ ಆ ನಾಲ್ಕಡಿಯಲ್ಲೇ ಇರುತ್ತವೆ. ಅದೇ ಹಿರಿಯರನ್ನು ನಿಲ್ಲಿಸಿ ಮೈಕನ್ನು ಐದೂವರೆ ಅಡಿಗೆ ಏರಿಸಿ ಅದೇ ಪುಟವನ್ನು ಓದಿಸಿದೆ. ಅವರೇ ಹೆಡ್‌ಫೋನ್ ಹಾಕಿಕೊಂಡು ಕೇಳಿ ತಲೆಯಾಡಿಸಿದರು. ಗಾಜಿನ ಕಿಟಕಿಗೆ ಹತ್ತಿರವಾಗಿದ್ದ ಮೈಕನ್ನು ಗೋಡೆಯಿಂದ ದೂರಕ್ಕೆ, ಆದರೆ ನಟ್ಟನಡುವೆ ಬಾರದಂತೆ ಸರಿಸಿದೆ, ಏಕೆಂದರೆ ಗೋಡೆಗಳ ನಟ್ಟನಡುವೆ 141ರ ಎರಡರಷ್ಟಾದ 282 ಹರ್ಟ್ಜ್‌ನ ಒತ್ತಡ ಗರಿಷ್ಠವಾಗಿರುತ್ತದೆ. ಪುಟ ಇಡುವ ಸ್ಟ್ಯಾಂಡಿನ ತಗಡಿನಿಂದ ಹಾರಿ ಬರುವ ದನಿ ನೇರ ದನಿಗಿಂತ ಸುಮಾರು 34 ಸೆಂಟಿಮೀಟರ್ ಹೆಚ್ಚು ದಾರಿ ಸಾಗಿದರೆ ಒಂದು ಮಿಲಿಸೆಕೆಂಡ್ ತಡವಾಗಿ ಬಂದು 500, 1500, 2500 ಹರ್ಟ್ಜ್‌ಗಳಲ್ಲಿ ಹಳ್ಳ ತೋಡುತ್ತದೆ. ತಗಡಿಗೆ ದಪ್ಪ ಫೆಲ್ಟ್ ಅಂಟಿಸಿ ಓರೆ ಮಾಡಿದ್ದರಿಂದ ಅದು ಬಹುಪಾಲು ತಗ್ಗಿತು.

ಮತ್ತೆ ಅಳೆದಾಗ 141ರ ಗುಡ್ಡ ಸಣ್ಣ ದಿಬ್ಬವಾಗಿತ್ತು. 200ರ ಬಳಿ, ಉದ್ದ ಅಗಲಗಳೆರಡೂ ಸೇರಿ ಹುಟ್ಟಿಸುವ ಇನ್ನೊಂದು ಉಬ್ಬು ಉಳಿದಿತ್ತು. ಅದನ್ನು ಬೇಕಾದ ಸ್ವರವನ್ನಷ್ಟೇ ಏರಿಸಿ ಇಳಿಸುವ ಈಕ್ವಲೈಜರಿನಲ್ಲಿ ತುಸು ಇಳಿಸಿಕೊಳ್ಳುವುದೇ ಸರಿಯೆಂದು ಬಿಟ್ಟೆ. 70 ಹರ್ಟ್ಜ್‌ನದನ್ನು ಮುಟ್ಟಲಿಲ್ಲ, ಅಷ್ಟು ತಗ್ಗಿನಲ್ಲಿ ಓದುವ ದನಿ ಇರುವುದಿಲ್ಲ, ಮೈಕಿನ ಫಿಲ್ಟರೇ ಅದನ್ನು ಕತ್ತರಿಸುತ್ತದೆ. ದೀರ್ಘ ಅಧ್ಯಾಯಗಳನ್ನು ನಿಂತೇ ಓದುವುದು ಮಂಡಿನೋವಿರುವವರಿಗೆ ಆಗದ ಮಾತು. ಅದಕ್ಕಾಗಿ ಕೂತರೂ ಬಾಯಿ ಐದಡಿಗಿಂತ ಕೆಳಗಿಳಿಯದಷ್ಟು ಎತ್ತರದ, ಕಾಲಿಡಲು ಅಡ್ಡಪಟ್ಟಿಯಿರುವ, ಅಲುಗಿದರೆ ಕಿರುಗುಟ್ಟದ ಸ್ಟೂಲೊಂದನ್ನು ಮಾಡಿಸಲು ಹೇಳಿ ಬಂದೆ.