ಮುಳುಗಡೆ ಊರಿನವರು ಟಿಹರಿಗೆ ಹೋದದ್ದು

ಅವ್ವನಿಗೆ ಬೇಕಾಗಿದ್ದದ್ದು ಹರಿದ್ವಾರದ ಗಂಗಾಸ್ನಾನ. ನನಗೆ ಬೇಕಾಗಿದ್ದದ್ದು ಟಿಹರಿ. ಬೇಸಿಗೆ ರಜೆ ಬಿಟ್ಟರೆ ಮಾಸ್ತರರಿಗೆ ಬೇರೆ ದಿನ ಎಲ್ಲಿ ಸಿಗಬೇಕು? ಮೇ ತಿಂಗಳಲ್ಲೇ ಹೊರಟೆವು. ಹರಿದ್ವಾರದಿಂದ ಮೇಲೆ ಇನ್ನೂ ಮೂರು ದಿನ ಎಂದಾಗ ಅವ್ವ ಕೇಳಿದಳು, "ಅಲ್ಲೇನೈತಿ ಅಂಥಾದ್ದು?"

"ನಮ್ಮೂರಿನಂಗ ಮುಳುಗಿದ ಊರು ಐತಿ. ಮ್ಯಾಲ ಗುಡ್ಡದಾಗ ಹೊಸಾದು ಕಟ್ಟ್ಯಾರ."

ಅವ್ವ ಮುಂದೆ ಏನೂ ಕೇಳಲಿಲ್ಲ. ಒಳಗೆ ಹೋಗಿ ನಲವತ್ತು ಕಟಕ ರೊಟ್ಟಿಯ ಗಂಟಿಗೆ ಇನ್ನೂ ಇಪ್ಪತ್ತು ಸೇರಿಸಿದಳು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಅಮೀನಗಡದ ಕರದಂಟು ಎಲ್ಲ ಹೊಂದಿಸಿಕೊಂಡು, ಮುಳುಗಡೆಯವರಿಗೆಂದು ಕಟ್ಟಿದ ಬಾಗಲಕೋಟೆಯ ನವನಗರದಿಂದ ಬೆಳಗಾವಿಗೆ ಬಸ್ಸು, ಅಲ್ಲಿಂದ ಗೋವಾ ಎಕ್ಸ್‌ಪ್ರೆಸ್. ಎರಡು ರಾತ್ರಿ, ನಡುವೆ ಒಂದು ಉರಿಬಿಸಿಲಿನ ಹಗಲು. ನಿಜಾಮುದ್ದೀನಿನಲ್ಲಿ ಇಳಿದಾಗ ಬೆಳಗಿನ ಹೊತ್ತಿಗೇ ದೆಹಲಿ ಕಾದ ಹಂಚಿನಂತಿತ್ತು. ಬಾಗಲಕೋಟೆಯ ಬಿಸಿಲು ಕಂಡವರಿಗೆ ದೆಹಲಿಯ ಬಿಸಿಲೇನು ಎಂದು ಹೊರಟಾಗ ಜಂಬ ಕೊಚ್ಚಿಕೊಂಡಿದ್ದೆ. ಅದನ್ನು ಇಲ್ಲಿ ಹಿಂದಕ್ಕೆ ಪಡೆಯುತ್ತೇನೆ.

ಹರಿದ್ವಾರದ ಬಗ್ಗೆ ಬರೆಯುವುದಿಲ್ಲ, ಬರೆದವರು ಬೇಕಾದಷ್ಟಿದ್ದಾರೆ. ಸರಪಳಿ ಹಿಡಿದು ಮೂರು ಮುಳುಗು ಹಾಕಿ ಎದ್ದ ಅವ್ವ ಹಲ್ಲು ಕಟಕಟ ಕಡಿಯುತ್ತ, "ಮೇ ತಿಂಗಳಾಗ ಇಷ್ಟು ತಣ್ಣಗ ಐತಿ, ಪಾಪ ಹೋಗಲಿಲ್ಲಂದ್ರೂ ಥಂಡಿ ಬರೂದು ಖರೆ" ಎಂದಳು. ಅಷ್ಟು ಸಾಕು.

ಋಷಿಕೇಶದಿಂದ ಹೊಸ ಟಿಹರಿಗೆ ಹೆಚ್ಚುಕಡಿಮೆ ಎಪ್ಪತ್ತೈದು ಕಿಲೋಮೀಟರು. ನಮ್ಮ ಕಡೆ ಲೆಕ್ಕದಲ್ಲಿ ಒಂದೂವರೆ ತಾಸಿನ ದಾರಿ. ಅಲ್ಲಿ ಸೀಟಿನ ಜೀಪಿನಲ್ಲಿ ಹತ್ತು ಜನರ ನಡುವೆ ಇಕ್ಕಟ್ಟಾಗಿ ಕುಳಿತು ಮೂರು ತಾಸು. ನರೇಂದ್ರನಗರ ದಾಟುವಷ್ಟರಲ್ಲಿ ಇಬ್ಬರು ವಾಂತಿ ಮಾಡಿಕೊಂಡಿದ್ದರು, ಒಬ್ಬ ನಾನು. ಅವ್ವ ಮಾತ್ರ ಲಿಂಬೆಹಣ್ಣು ಮೂಸುತ್ತ ಗಟ್ಟಿಯಾಗಿ ಕುಳಿತಿದ್ದಳು. ಚಂಬಾ ಊರಿನಲ್ಲಿ ಜೀಪು ನಿಂತಾಗ ಚಹಾ ಕುಡಿದೆವು. ಹಿಮಾಚಲದ ಚಂಬಾ ಬೇರೆ, ಇದು ಬೇರೆ. ಇಲ್ಲಿಂದ ಹಿಮದ ಶಿಖರಗಳ ಸಾಲೇ ಕಾಣುತ್ತದೆ ಎಂದು ಕೇಳಿದ್ದೆ. ಕಂಡದ್ದು ಬರೀ ಹೊಗೆ. ಬೇಸಿಗೆಯಲ್ಲಿ ಅಲ್ಲಿಯ ಚೀಡ್ ಮರಗಳ ಕಾಡಿಗೆ ಬೆಂಕಿ ಬೀಳುತ್ತದೆ. ಆ ಮರದ ಸೂಜಿಯಂಥ ಎಲೆ ಒಣಗಿ ನೆಲದ ಮೇಲೆ ಹಾಸಿಕೊಂಡಿರುತ್ತದೆ, ಅದರಲ್ಲಿ ರಾಳ ಬೇರೆ. ಒಂದು ಬೀಡಿಯ ಕಿಡಿ ಸಾಕಂತೆ. ಎದುರಿನ ಗುಡ್ಡದ ನೆತ್ತಿಯಲ್ಲಿ ಕೆಂಪು ಗೆರೆ ಹರಿದಾಡುತ್ತಿತ್ತು. ಕಬ್ಬಿನ ರವದಿಗೆ ಬೆಂಕಿ ಹಚ್ಚಿದಾಗ ನಮ್ಮಲ್ಲಿ ಕಾಣುವುದಿಲ್ಲವೇ, ಹಾಗೆ.

ಹೊಸ ಟಿಹರಿಯನ್ನು ನೋಡಿದ ಕೂಡಲೇ ನನಗೆ ನಗು ಬಂತು. ನಮ್ಮ ನವನಗರವನ್ನು ಎತ್ತಿ ಗುಡ್ಡಕ್ಕೆ ಒರಗಿಸಿ ನಿಲ್ಲಿಸಿದಂತಿತ್ತು. ಅದೇ ಸರಕಾರಿ ಅಳತೆಯ ಪ್ಲಾಟು, ಅದೇ ಜೋಡಿ ಮನೆಗಳು, ಅದೇ ಬಣ್ಣ ಮಾಸಿದ ಕಚೇರಿಗಳು. ನಮ್ಮಲ್ಲಿ ಸೆಕ್ಟರ್ ನಂಬರು ಹೇಳಿ ಆಟೋ ಹತ್ತುತ್ತೇವೆ, ಅಲ್ಲಿ ಮೆಟ್ಟಿಲು ಹತ್ತಬೇಕು. ಮೇಲಿನ ರಸ್ತೆಯಿಂದ ಕೆಳಗಿನ ರಸ್ತೆಗೆ ಮೆಟ್ಟಿಲು, ಬೌರಾಡಿ ಪೇಟೆಗೆ ಇಳಿಯಲು ಮೆಟ್ಟಿಲು, ಔಷಧಿ ಅಂಗಡಿಗೆ ಮೆಟ್ಟಿಲು. ಅವ್ವನ ಮೊಣಕಾಲು ಎರಡನೇ ದಿನಕ್ಕೆ ಮುಷ್ಕರ ಹೂಡಿತು.

ನಾವಿಳಿದ ಲಾಡ್ಜಿನಲ್ಲಿ ನಲ್ಲಿಗೆ ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂದು ತಾಸು ಮಾತ್ರ. ಬಕೆಟ್ ತುಂಬಿ ಇಟ್ಟುಕೊಳ್ಳಬೇಕು. ಕಿಟಕಿ ತೆಗೆದರೆ ಕೆಳಗೆ ಕಣ್ಣು ಮುಟ್ಟುವವರೆಗೆ ಹಸಿರು ನೀರು. "ದೀಪದ ಬುಡಕ್ಕ ಕತ್ತಲಿ ಅಂತಾರಲ್ಲ, ಇದ ನೋಡು" ಎಂದಳು ಅವ್ವ. ಆ ಜಲಾಶಯದಿಂದ ದೆಹಲಿಗೆ ಕುಡಿಯಲು 300 ಕ್ಯುಸೆಕ್ ನೀರು ಹೋಗುತ್ತದೆ ಎಂದು ನಾನು ಅವಳಿಗೆ ಹೇಳಲಿಲ್ಲ. ಬಕೆಟ್ ಹೊತ್ತು ತರುತ್ತಿದ್ದವನು ನಾನು. ನನ್ನ ಸಿಟ್ಟೇ ನನಗೆ ಸಾಕಾಗಿತ್ತು.

ಭಾಗೀರಥಿಗೆ ಭಿಲಂಗನಾ ನದಿ ಬಂದು ಸೇರುವ ಜಾಗದಲ್ಲಿ ಹಳೆಯ ಟಿಹರಿ ಇತ್ತು. 1815ರಲ್ಲಿ ಗಢವಾಲದ ದೊರೆ ಸುದರ್ಶನ ಶಾಹ ತನ್ನ ರಾಜಧಾನಿ ಎಂದು ಕಟ್ಟಿಸಿದ ಊರು. ಅದರ ಕೆಳಗೇ ಅಣೆಕಟ್ಟು. ಎತ್ತರ 260.5 ಮೀಟರು, ದೇಶದಲ್ಲೇ ಎತ್ತರದ್ದು. ಆದರೆ ನಮ್ಮೂರನ್ನು ಮುಳುಗಿಸಿದ ಆಲಮಟ್ಟಿ ಅಣೆಕಟ್ಟು ನೋಡಿದ ಕಣ್ಣಿಗೆ ಅದು ಅಣೆಕಟ್ಟು ಅನ್ನಿಸುವುದೇ ಇಲ್ಲ. ನಮ್ಮದು ಕಾಂಕ್ರೀಟಿನ ಗೋಡೆ, 26 ಗೇಟು, ಸಾಲಾಗಿ ನಿಂತ ಗತ್ತು. ಅವರದ್ದು ಕಲ್ಲುಮಣ್ಣು ಒಟ್ಟಿದ ಒಡ್ಡು, ದೂರದಿಂದ ಇನ್ನೊಂದು ಗುಡ್ಡದಂತೆಯೇ ಕಾಣುತ್ತದೆ. "ಗೇಟ ಎಲ್ಲಿ ಅದಾವ?" ಎಂದು ಅವ್ವ ಬಹಳ ಹೊತ್ತು ಹುಡುಕಿದಳು.

ಟಿಎಂಸಿ ಲೆಕ್ಕವಿಲ್ಲದೆ ನಮ್ಮ ಕಡೆಯವರಿಗೆ ನೀರು ತಿಳಿಯುವುದಿಲ್ಲ. ರಾತ್ರಿ ಕುಳಿತು ಲೆಕ್ಕ ಹಾಕಿದೆ. ಟಿಹರಿ ಜಲಾಶಯದ ಸಾಮರ್ಥ್ಯ 3.54 ಶತಕೋಟಿ ಘನ ಮೀಟರು, ಅಂದರೆ ಸುಮಾರು 125 ಟಿಎಂಸಿ. ಆಲಮಟ್ಟಿಯದು 123. ಹೆಚ್ಚುಕಡಿಮೆ ಒಂದೇ ನೀರು! ನಮ್ಮದು ಎರೆಹೊಲದ ಮೇಲೆ ತಟ್ಟೆಯಲ್ಲಿ ಚೆಲ್ಲಿದ ಸಾರಿನಂತೆ ಹರಡಿಕೊಂಡಿತು, ಅವರದು ಕಣಿವೆಯೆಂಬ ಗಡಿಗೆಯಲ್ಲಿ ನಿಂತಿತು. ಹಾಗಾಗಿ ನಮಗೆ ಬೇಸಿಗೆಯಲ್ಲಿ ಹಿನ್ನೀರು ಸರಿದರೆ ಹಳೇ ಮನೆಯ ತಳಪಾಯ, ಓಣಿಯ ಕಲ್ಲು ಕಣ್ಣಿಗೆ ಬೀಳುತ್ತವೆ. ನಡೆದು ಹೋಗಿ ಇದು ನಮ್ಮ ಅಡಿಗಿಮನಿ ಎಂದು ನಿಂತು ಬರಬಹುದು. ಅಲ್ಲಿಯೂ ಮೇ ತಿಂಗಳಲ್ಲಿ ನೀರು ಇಳಿದಿತ್ತು. ಸುತ್ತಲಿನ ಗುಡ್ಡಗಳ ಸೊಂಟಕ್ಕೆ ಬೋಳು ಮಣ್ಣಿನ ಅಗಲವಾದ ಪಟ್ಟಿ. ತುಂಬಿದಾಗ ಸಮುದ್ರಮಟ್ಟದಿಂದ 830 ಮೀಟರಿಗೆ ನಿಲ್ಲುವ ನೀರು 740ರವರೆಗೂ ಇಳಿಯಬಹುದು. ತೀರ ಇಳಿದ ವರ್ಷ ಹಳೇ ಊರಿನ ಅವಶೇಷ ತಲೆ ಎತ್ತುತ್ತವಂತೆ. ನಾವು ಹೋದಾಗ ಏನೂ ಎದ್ದಿರಲಿಲ್ಲ.

ಇದನ್ನೆಲ್ಲ ನಮಗೆ ಹೇಳಿದವನು ಒಬ್ಬ ಮಿಠಾಯಿ ಅಂಗಡಿಯ ಮುದುಕ. ಬೋರ್ಡಿನ ಮೇಲೆ ಅಂಗಡಿಯ ಹೆಸರಿಗಿಂತ ದೊಡ್ಡದಾಗಿ 'ಹಳೇ ಟಿಹರಿಯವರು' ಎಂದು ಹಿಂದಿಯಲ್ಲಿ ಬರೆದಿತ್ತು. ಸಿಂಗೋರಿ ಎಂಬ ಸಿಹಿ ಅಲ್ಲಿಯ ವಿಶೇಷ. ಖೋವಾವನ್ನು ಮಾಲು ಎಂಬ ಬಳ್ಳಿಯ ಎಲೆಯಲ್ಲಿ, ಶೇಂಗಾ ಪೊಟ್ಟಣ ಕಟ್ಟಿದಂತೆ ಸುತ್ತಿ ಕೊಡುತ್ತಾರೆ. ಎಲೆಯ ಕಂಪು ಖೋವಾಕ್ಕೆ ಹತ್ತಿರುತ್ತದೆ. ಧಾರವಾಡ ಪೇಡೆ ತಿಂದು ಬೆಳೆದ ನಾಲಿಗೆಗೆ ಸಕ್ಕರೆ ಒಂದು ಗುಲಗಂಜಿ ಹೆಚ್ಚೆನಿಸಿತು, ಆದರೂ ನಾಲ್ಕು ತಿಂದೆ.

ಎಲ್ಲಿಂದ ಬಂದಿರಿ ಎಂದು ಕೇಳಿದ. ಕರ್ನಾಟಕ ಎಂದೆ. "ಬೆಂಗಳೂರಾ?" ಎಂದ, ಎಲ್ಲರೂ ಕೇಳುವ ಹಾಗೆ. ಅಲ್ಲ, ಬಾಗಲಕೋಟೆ, ನಮ್ಮೂರೂ ಅಣೆಕಟ್ಟಿನ ನೀರಿನಲ್ಲಿ ಹೋಗಿದೆ ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿದೆ. ಮುದುಕ ತಕ್ಕಡಿ ಕೆಳಗಿಟ್ಟ. ಗಲ್ಲಾಪೆಟ್ಟಿಗೆ ಮೊಮ್ಮಗನಿಗೆ ಒಪ್ಪಿಸಿ ಹೊರಗೆ ಬಂದ. "ಬನ್ನಿ ಮಾತಾಜಿ" ಎಂದು ಅವ್ವನನ್ನು ರಸ್ತೆಯಾಚೆಯ ಕಟಾಂಜನದ ಹತ್ತಿರ ಕರೆದೊಯ್ದು, ಕೈ ಚಾಚಿ ನೀರಿನ ಮೇಲೆ ಬೆರಳು ಓಡಿಸತೊಡಗಿದ. ಅಲ್ಲಿ ಬಸ್ ಅಡ್ಡಾ. ಅದರ ಎಡಕ್ಕೆ ಪೇಟೆ. ಅಲ್ಲಿ ಸೇತುವೆ. ಅದರ ಮೇಲೆ ರಾಜಮಹಲು. ಅಗೋ, ಅಲ್ಲಿ ಘಂಟಾಘರ. 1897ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟಕ್ಕೆ ಅರವತ್ತು ವರ್ಷ ತುಂಬಿದ ನೆನಪಿಗೆ ಎಬ್ಬಿಸಿದ ಗೋಪುರ. ಅವನು ತೋರಿಸಿದ ಕಡೆಯಲ್ಲೆಲ್ಲ ಒಂದೇ ಬಣ್ಣದ ನೀರು. ಆದರೆ ಅವನ ಬೆರಳು ಒಂದು ಸಲವೂ ತಡವರಿಸಲಿಲ್ಲ. ಒಮ್ಮೆ ಮಾತ್ರ ನಿಂತು, ಅಲ್ಲಲ್ಲ, ಸ್ವಲ್ಪ ಈಚೆ, ಎಂದು ಮೊಳದಷ್ಟು ಬಲಕ್ಕೆ ಸರಿಸಿ ತಿದ್ದಿಕೊಂಡ.

ಅವ್ವನಿಗೆ ಹಿಂದಿ ಬರುವುದಿಲ್ಲ. ನಾನು ಕನ್ನಡಕ್ಕೆ ತಿರುಗಿಸಿ ಹೇಳಲು ಬಾಯಿ ತೆರೆದರೆ ಕೈಯಾಡಿಸಿ ಸುಮ್ಮನಾಗಿಸಿದಳು. ಅವಳೂ ಹೀಗೇ ಅಲ್ಲವೇ ಮಾಡುವುದು? ಹಳೇ ಬಾಗಲಕೋಟೆಯ ದಂಡೆಗೆ ಹೋದಾಗಲೆಲ್ಲ ಘಟಪ್ರಭೆಯ ಹಿನ್ನೀರಿನತ್ತ ಬೆರಳು ಮಾಡಿ ಬಾವಿ, ಗುಡಿ, ಹಿಟ್ಟಿನ ಗಿರಣಿ ಎಂದು ನನ್ನ ಮಕ್ಕಳಿಗೆ ತೋರಿಸುತ್ತಾಳೆ. ಮಕ್ಕಳು ನೀರು ಕೋಳಿ ನೋಡುತ್ತಿರುತ್ತವೆ.

2005ರ ಅಕ್ಟೋಬರ್ ಕೊನೆಗೆ, ಹೊಳೆ ತಿರುಗಿಸಲು ತೋಡಿದ್ದ ಸುರಂಗಗಳಲ್ಲಿ ಉಳಿದಿದ್ದ ಒಂದರ ಬಾಗಿಲನ್ನೂ ಇಳಿಸಿದರು, ನೀರು ಏರಿತು. ಮುದುಕನ ಮನೆಯವರೆಲ್ಲ ಮೊದಲೇ ಮೇಲೆ ಬಂದಿದ್ದರು. ಆದರೂ ದಿನಾ ಸಂಜೆ ಈ ಕಟಾಂಜನಕ್ಕೆ ಬಂದು ನಿಲ್ಲುತ್ತಿದ್ದರಂತೆ, ಘಂಟಾಘರ ಇವತ್ತು ಎಷ್ಟು ಉಳಿದಿದೆ ಎಂದು ನೋಡಲು. ನಮ್ಮಲ್ಲಿ ಹಾಗೆ ಒಂದು ದಿನ ಎಂದು ಇರಲಿಲ್ಲ. ಗೋಡೆಯ ಮೇಲೆ ಬಣ್ಣದಲ್ಲಿ ನಂಬರು ಬರೆದುಹೋದರು, ನೋಟಿಸು ಬಂತು, ಪರಿಹಾರದ ಚೆಕ್ಕು ಬಂತು, ನೀರು ನಿಧಾನಕ್ಕೆ ಬಂತು. ನೀರು ಬರುವ ಮೊದಲೇ ನಾವೇ ನಮ್ಮ ಮನೆ ಕಿತ್ತೆವು. ತೊಲೆ, ಜಂತಿ, ಕಂಬ ಎಲ್ಲ ಟ್ರಾಕ್ಟರಿಗೆ ಹೇರಿದ ದಿನ ನಾನು ಕಾಲೇಜಿಗೆ ಚಕ್ಕರ್ ಹಾಕಿದ್ದೆ. ಸಾಗವಾನಿಯ ತಲಬಾಗಿಲು ನವನಗರದ ಮನೆಯ ಚೌಕಟ್ಟಿಗೆ ಹೊಂದಲಿಲ್ಲ. ಅದು ಇವತ್ತಿಗೂ ಮಾಳಿಗೆಯ ಮೇಲೆ ಗೋಡೆಗೆ ಒರಗಿ ನಿಂತಿದೆ. ಯುಗಾದಿಗೆ ಅವ್ವ ಅದಕ್ಕೂ ಒಂದು ತೋರಣ ಕಟ್ಟುತ್ತಾಳೆ.

ಹೊಸ ಟಿಹರಿಯಲ್ಲಿ ಹಳೆಯದರ ನೆನಪಿಗೆ ಒಂದು ಘಂಟಾಘರ ಕಟ್ಟಿದ್ದಾರೆ. ಮುದುಕನಿಗೆ ಅದು ಲೆಕ್ಕಕ್ಕಿಲ್ಲ. ಆ ವಿಷಯದಲ್ಲಿ ನಾವು ಪುಣ್ಯವಂತರು ಅನ್ನಿಸಿತು. ನಮ್ಮ ಊರು ಪೂರ್ತಿ ಹೋಗಲಿಲ್ಲ, ಅರ್ಧ ಉಳಿಯಿತು. ಹೋಳಿ ಹುಣ್ಣಿಮೆಗೆ ನವನಗರದವರೂ ವಿದ್ಯಾಗಿರಿಯವರೂ ಹಲಗಿ ಹಿಡಿದು ಹಳೇ ಊರಿಗೇ ಇಳಿಯುತ್ತಾರೆ. ಬಣ್ಣದ ಬಂಡಿಗೆ ಸೆಕ್ಟರ್ ನಂಬರಿನ ರಸ್ತೆ ಹೊಂದುವುದಿಲ್ಲ.

ಟಿಹರಿ ಎಂದರೆ ನಮ್ಮ ತಲೆಮಾರಿಗೆ ಮೊದಲು ನೆನಪಾಗುವುದು ಸುಂದರಲಾಲ್ ಬಹುಗುಣ. ಭಾಗೀರಥಿಯ ದಂಡೆಯ ಗುಡಿಸಲಿನಲ್ಲಿ ವರ್ಷಗಟ್ಟಲೆ ಕುಳಿತು ಈ ಅಣೆಕಟ್ಟು ಬೇಡ ಎಂದವರು. ಮರ ಅಪ್ಪಿಕೊಂಡು ಕಾಡು ಉಳಿಸುವ ಅವರ ಚಿಪ್ಕೊ ಚಳವಳಿಯೇ ಶಿರಸಿ ಕಡೆ 1983ರಲ್ಲಿ ಅಪ್ಪಿಕೊ ಆಗಿ ಬಂದದ್ದು. ರಾಜಘಾಟಿನಲ್ಲಿ ಅವರು 74 ದಿನ ಉಪವಾಸ ಕುಳಿತಾಗ ಯೋಜನೆಯನ್ನು ಮತ್ತೊಮ್ಮೆ ಪರಿಶೀಲಿಸುವ ಮಾತು ಕೊಟ್ಟ ಪ್ರಧಾನಿ ನಮ್ಮ ದೇವೇಗೌಡರು. ಅಣೆಕಟ್ಟು ನಿಂತಿತು, ಬಹುಗುಣ 2021ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಬಗ್ಗೆ ಮುದುಕನನ್ನು ಕೇಳಿದೆ. ಒಳ್ಳೆಯವರು ಎಂದ. ಆಮೇಲೆ ಸ್ವಲ್ಪ ತಡೆದು, ಆಗ ನಾವು ಪ್ಲಾಟಿನ ಅರ್ಜಿ ತುಂಬುತ್ತಿದ್ದೆವು ಎಂದ. ನಮ್ಮ ಅಪ್ಪನೂ ಅದನ್ನೇ ಮಾಡುತ್ತಿದ್ದ.

ಲಾಡ್ಜಿನ ಅಡುಗೆಯ ಹೆಂಗಸಿಗೂ ಅವ್ವನಿಗೂ ಮೊದಲ ದಿನವೇ ಗೆಳೆತನವಾಗಿತ್ತು. ಆಕೆ ಮಡುವಾ ರೊಟ್ಟಿ ತಟ್ಟಿ ತಂದಳು. ಅವ್ವ ಮುರಿದು ನೋಡಿ, "ಇದು ರಾಗಿ ಅಲ್ಲೇನ!" ಎಂದಳು. ಗಹತ್ ಬೇಳೆ ಬಂತು, ಅದು ನಮ್ಮ ಹುರಳಿ. ಝಂಗೋರಾ ಖೀರು ಬಂತು, ಅದು ಊದಲಕ್ಕಿಯ ಪಾಯಸ. ಹಿಮಾಲಯಕ್ಕೆ ಬಂದು ಹುರಳಿ ತಿನ್ನುತ್ತಿದ್ದೇವಲ್ಲ ಎಂದು ನಾನು ನಕ್ಕೆ. ಅವ್ವ ತನ್ನ ಕಟಕ ರೊಟ್ಟಿ ಕೊಟ್ಟಳು. ಆಕೆ ಅದನ್ನು ಹಪ್ಪಳವೆಂದು ತಿಳಿದು ಎಣ್ಣೆಯಲ್ಲಿ ಕರಿಯಲು ಹೊರಟಿದ್ದಳು, ಅವ್ವ ಓಡಿಹೋಗಿ ತಡೆದಳು. ಮೊಣಕಾಲು ನೋವು ಅವತ್ತು ಎಲ್ಲಿ ಹೋಗಿತ್ತೋ.

ಹಿಮ ಕಂಡದ್ದು ಒಂದೇ ಸಲ. ರಾತ್ರಿ ಗುಡುಗಿ ಮಳೆ ಬಿದ್ದು ಹೊಗೆ ತೊಳೆದುಹೋಗಿತ್ತು. ಬೆಳಗಿನ ಐದೂವರೆಗೆ ಅಡುಗೆಯಾಕೆ ಬಾಗಿಲು ಬಡಿದು ಎಬ್ಬಿಸಿದಳು. ಬಡಗಣ ದಿಕ್ಕಿಗೆ ಬೆಳ್ಳಗಿನ ಸಾಲು, ಮೊದಲು ಬೂದಿ, ಆಮೇಲೆ ಗುಲಾಬಿ, ಆಮೇಲೆ ಕಣ್ಣು ಕುಕ್ಕುವ ಬಿಳಿ. ನಾನು ಫೋನು ಹಿಡಿದು ಒದ್ದಾಡುತ್ತಿದ್ದೆ. ಅವ್ವ ಶಾಲು ಹೊದ್ದು ನೋಡಿ, "ಸುಣ್ಣದ ಭಟ್ಟಿ ಮುಂದ ರಾಶಿ ಹಾಕಿದಂಗ ಐತಿ" ಎಂದು ಕೈ ಮುಗಿದಳು. ಅರ್ಧ ತಾಸಿನಲ್ಲಿ ಮೋಡ ಮುಚ್ಚಿತು.

ಕೊನೆಯ ದಿನ ಕೋಟಿ ಕಾಲೊನಿಗೆ ಇಳಿದೆವು, ದೋಣಿ ವಿಹಾರಕ್ಕೆ. ನೀರು ತಗ್ಗಿದ್ದರಿಂದ ಜೆಟ್ಟಿ ಕೆಳಗೆ ಹೋಗಿತ್ತು, ಮತ್ತೆ ಮೆಟ್ಟಿಲು. ಸ್ಪೀಡ್ ಬೋಟು, ನೀರಿನ ಸ್ಕೂಟರು, ಹಾಡು, ಮ್ಯಾಗಿ. ದೆಹಲಿ ಕಡೆಯ ನಾಲ್ಕು ಹುಡುಗರ ಜೊತೆ ನಮ್ಮನ್ನೂ ಕೂಡಿಸಿದರು. ಅವ್ವನ ಇಳಕಲ್ ಸೀರೆಯ ಮೇಲೆ ಕಿತ್ತಳೆ ಬಣ್ಣದ ಲೈಫ್ ಜಾಕೀಟು. ನಡುನೀರಿನಲ್ಲಿ ಹುಡುಗ ಎಂಜಿನ್ ನಿಲ್ಲಿಸಿ, ನಮ್ಮ ಕೆಳಗೆ ಹಳೇ ಟಿಹರಿ, ಪೇಟೆ, ದೇವಸ್ಥಾನ ಎಂದು ಬಾಯಿಪಾಠ ಒಪ್ಪಿಸಿದ. ಜೊತೆಗಿದ್ದವರು ಸೆಲ್ಫಿಗೆ ಎದ್ದರು.

"ಏನಂದ ಅಂವ?" ಎಂದಳು ಅವ್ವ.

"ಕೆಳಗ ಗುಡಿ ಐತಂತ."

ಅವ್ವ ಬಗ್ಗಿ ಎರಡೂ ಚಪ್ಪಲಿ ಕಳಚಿ ಮಗ್ಗುಲಲ್ಲಿ ಅಂಚಿಗೆ ಇಟ್ಟಳು. ಗುಡಿ ಮೇಲೆ ಚಪ್ಪಲಿ ಹಾಕಿಕೊಂಡು ಕೂಡ್ರಲಿಕ್ಕಾಗುತ್ತದೆಯೇ ಎಂಬಂತೆ ನನ್ನ ಕಾಲನ್ನೂ ನೋಡಿದಳು. ನಾನು ಬೂಟಿನ ಲೇಸು ಬಿಚ್ಚುತ್ತಿರುವಾಗಲೇ ಎಂಜಿನ್ ಗುಟುರು ಹಾಕಿ ದೋಣಿ ಜಿಗಿಯಿತು. ಅವ್ವನ ಒಂದು ಚಪ್ಪಲಿ ನೀರಿಗೆ ಹಾರಿತು. ಹುಡುಗ ತಿರುಗಿ ನೋಡುವಷ್ಟರಲ್ಲಿ ಅದು ಹಿಂದೆ ಎಲ್ಲೋ ಉಳಿದಿತ್ತು.

ಬೌರಾಡಿ ಪೇಟೆಯ ಅಂಗಡಿಯವ ಹವಾಯಿ ಚಪ್ಪಲಿಗೆ ಇನ್ನೂರು ಎಂದ. ಅವ್ವ ಕನ್ನಡದಲ್ಲೇ ನೂರರಿಂದ ಶುರು ಮಾಡಿದಳು. ಅವನು ಹಿಂದಿಯಲ್ಲಿ ನೂರಾ ಎಂಬತ್ತಕ್ಕೆ ಇಳಿದ. ನೂರಾ ಮೂವತ್ತಕ್ಕೆ ಇಬ್ಬರೂ ಒಪ್ಪಿದರು. ಉಳಿದ ಒಂಟಿ ಚಪ್ಪಲಿಯನ್ನು ಎಸೆದುಬಿಡು ಎಂದರೆ ಕೇಳಲಿಲ್ಲ, ಕರದಂಟು ಕಟ್ಟಿಕೊಂಡು ಬಂದಿದ್ದ ಚೀಲದಲ್ಲಿ ಹಾಕಿಕೊಂಡಳು.