ಆಯಿ ಕೇಳಿದ ಒಂದು ಪ್ರಶ್ನಿ

ನಾ ಕಲಬುರಗಿಯಾಗ ಒಂದು ಸಣ್ಣ ಸಂಸ್ಥೆದಾಗ ಕೆಲಸ ಮಾಡ್ತೀನಿ, ಹಳ್ಳಿಗೋಳಿಗಿ ಹೋಗಿ ನಾಟಕ, ಹಾಡು, ಗೋಡಿ ಚಿತ್ರ ಇಂಥವೆಲ್ಲ ಮಾಡಿ ಮಳಿ-ಬೆಳಿ, ಹವಾಮಾನದ ಬಗ್ಗೆ ಜನರ ಕೂಡ ಮಾತಾಡೋ ಕೆಲಸ. ಮೊದಲನೇ ವರ್ಷ ಆದ ಒಂದು ತಪ್ಪು ಹೇಳ್ತೀನಿ.

ಅಫಜಲಪುರ ತಾಲ್ಲೂಕಿನಾಗ ಭೀಮಾ ದಂಡಿ ಮ್ಯಾಲಿನ ಒಂದು ಊರು. ಆಫೀಸಿನಾಗೇ ಕುಂತು ಸ್ಕ್ರಿಪ್ಟ್ ಬರ್ದು ಒಯ್ದಿದ್ವಿ, ಒಬ್ಬ ಹುಡುಗಗ ಕರಿ ಅರಬಿ ಹಾಕಿ ಕಾರ್ಬನ್ ರಾಕ್ಷಸ ಮಾಡಿದ್ವಿ, ಗಾಳಿಯಾಗ ಕಾರ್ಬನ್ ಡೈಆಕ್ಸೈಡ್ 280 ಪಿಪಿಎಂ (ಅಂದ್ರ ಹತ್ತು ಲಕ್ಷ ಪಾಲಿನಾಗ 280 ಪಾಲು) ಇದ್ದದ್ದು 420 ದಾಟ್ಯದ ಅಂತ ಡೈಲಾಗ್. ದೊಡ್ಡವ್ರು ಒಬ್ಬೊಬ್ಬರೇ ಎದ್ದು ಹೋದ್ರು. ಕೊನಿಗಿ ಒಬ್ಬ ಆಯಿ ಹತ್ರ ಬಂದು, "ಯವ್ವಾ, ಹೊಳಿ ಬಂದಾಗ ನೀ ಎಲ್ಲಿದ್ದಿ?" ಅಂದಳು.

2020ರ ಅಕ್ಟೋಬರ್ ಹೊಳಿ ಅದು. ಮ್ಯಾಲ ಮಹಾರಾಷ್ಟ್ರದಾಗ ಮಳಿ ಜಡದು, ಉಜನಿ ಡ್ಯಾಮಿನ ನೀರೂ ಬಿಟ್ಟು, ಭೀಮಾ ಊರೊಳಗ ನುಗ್ಗಿದ್ಳು. ಅಷ್ಟು ದೊಡ್ಡ ಅನುಭವ ಅವರ ಮನ್ಯಾಗ ಇದ್ದಾಗ ನಾವು ಅದನ್ನ ಕೇಳಲೇ ಇಲ್ಲ, ಇದು ನನಗ ಇವತ್ತಿಗೂ ಚುಚ್ಚತದ.

ಮುಂದಿನ ಸಲ ಬರಿಗೈಲೆ ಹೋದ್ವಿ. ರಾತ್ರಿ ಭಜನಿ ಮಂಡಳಿಯವ್ರ ಜೋಡಿ ಕುಂತ್ವಿ, ಹೊಳಿ ಬಂದ ದಿನದ್ದು ಹೇಳ್ರಿ ಅಂದ್ವಿ ಅಷ್ಟೇ. ತೊಯ್ದ ಜ್ವಾಳದ ಚೀಲ, ಹೊಲದಾಗ ಕೊಳತ ತೊಗರಿ, ಕಟ್ಟಿದ ಹಗ್ಗ ಬಿಚ್ಚಲಿಕ್ಕಿ ಆಗಲಾರದ ಎಮ್ಮಿ, ಒಬ್ಬರು ಹೇಳ್ತಿದ್ರ ಇನ್ನೊಬ್ಬರು ಅಳ್ತಿದ್ರು. ದಮ್ಮಡಿ ಬಾರಸ್ತಿದ್ದ ಕಾಕಾ ಹಂಗೇ ಒಂದು ನುಡಿ ಹಚ್ಚಿದ್ರು, "ಕರೀಲಾರದ ಬೀಗತಿ ಹಂಗ ಬಂತವ್ವ ಹೊಳಿ."

ಆವಾಗ ಅವರೇ ಕೇಳಿದ್ರು, ಯಾಕ ಹಿಂಗ್ ಆಗ್ಲತ್ತದ, ತಿಂಗಳಗಟ್ಲೆ ಬರಲ್ಲ, ಬಂದ್ರ ಒಮ್ಮಿಗೇ ಸುರೀತದ. ಗಾಳಿ ಒಂದು ಡಿಗ್ರಿ ಬಿಸಿ ಆದ್ರ ಸುಮಾರು 7 ಪರ್ಸೆಂಟ್ ಜಾಸ್ತಿ ನೀರಿನ ಆವಿ ಹಿಡಿಕೋತದ, ಅದಕ್ಕ ಸುರಿಯೋ ಹೊತ್ತಿಗಿ ಜೋರು ಸುರೀತದ ಅಂತ ಹೇಳ್ದೆ. ಆಯಿ ಸ್ವಲ್ಪ ಸುಮ್ಮ ಕುಂತು, "ಅಂದ್ರ ಮ್ಯಾಲಿನ ಕೊಡ ದೊಡ್ಡದಾಗ್ಯದ, ತುಂಬಲಿಕ್ಕಿ ತಡ, ಬಗ್ಗಿದ್ರ ಊರೇ ಮುಳಗ್ತದ" ಅಂದಳು. ನಾ ಎಷ್ಟೋ ಟ್ರೇನಿಂಗ್ ಕೊಟ್ಟೀನಿ, ಇಷ್ಟು ಚೆಂದ ಒಮ್ಮೀನೂ ಹೇಳಿಲ್ಲ. ಅದು ಪದದಾಗ ಎರಡನೇ ನುಡಿ ಆಯ್ತು.

ಮರುದಿನ ಹುಡುಗ್ರು ಮನಿ ಮನಿಗಿ ಹೋಗಿ ನೀರು ಎಲ್ಲಿತನಕ ಏರಿತ್ತು ಅಂತ ಕೇಳಿ ಗೋಡಿ ಮ್ಯಾಲ ಕೆಮ್ಮಣ್ಣಿನ ಗೆರಿ ಎಳದ್ರು, ಕೆಲವು ಕಡಿ ಗೆರಿ ಅವರ ತಲಿಗಿಂತ ಮ್ಯಾಲ ಇತ್ತು.

ಈಗ ಹೊಸ ಊರಿಗಿ ಹೋದ್ರ ಮೊದಲ ಎರಡು ರಾತ್ರಿ ಬರೇ ಕೇಳೋದು ಅಂತ ಪ್ಲ್ಯಾನಿನಾಗೇ ಬರೀತೀವಿ. ಮುಂದಿನ ತಿಂಗಳು ಚಿಂಚೋಳಿ ಕಡಿ ಹೊಂಟೀವಿ. ಅಲ್ಲಿ ಹೊಳಿ ಕಥಿ ಅಲ್ಲ, ಕಾಡಿನ ಕಥಿ ಇರ್ತದ, ಅದಕ್ಕ ಭೀಮಾದ ಪದ ಒಯ್ಯಾಂಗಿಲ್ಲ.