ಊಟದ ಸಾಲಿನಲ್ಲಿ ನಡೆದ ಸಮ್ಮೇಳನ

ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಜೊತೆ ಕೆಲಸ ಮಾಡುವ ಸಣ್ಣ ಸಂಸ್ಥೆಯೊಂದರಲ್ಲಿ ನಾನಿದ್ದೇನೆ. ಗ್ರಂಥಾಲಯ ಮೇಲ್ವಿಚಾರಕರ ಸಮ್ಮೇಳನ ಏರ್ಪಡಿಸುವುದು ನನ್ನ ಜವಾಬ್ದಾರಿ. ಮೊದಲ ಸಲ ಧಾರವಾಡದಲ್ಲಿ ಎರಡು ದಿನ ಮಾಡಿದೆವು, 100 ಜನ ಬಂದಿದ್ದರು.

ನಾಡಗೀತೆ, ದೀಪ ಬೆಳಗುವುದು, ಶಾಲು-ಹಾರ, ಮುಖ್ಯ ಅತಿಥಿಗಳ ಮಾತು, ಇಷ್ಟು ಮುಗಿಯುವಾಗ ಹನ್ನೊಂದೂವರೆ. ಆಮೇಲೆ ಒಂದರ ಹಿಂದೆ ಒಂದು ಉಪನ್ಯಾಸ. ಮಾತಾಡಿದವರೆಲ್ಲ ತಿಳಿದವರೇ, ಆದರೆ ಪ್ರಶ್ನೆಗೆ ಅಂತ ಇಟ್ಟಿದ್ದ ಸಮಯ ಭಾಷಣಕ್ಕೇ ಹೋಯಿತು. ಅಭಿಪ್ರಾಯದ ಹಾಳೆಯಲ್ಲಿ ಎಲ್ಲರೂ 'ತುಂಬಾ ಚೆನ್ನಾಗಿತ್ತು' ಅಂತ ಬರೆದರು. ನಮಗೂ ಖುಷಿಯಾಯಿತು.

ಆರು ತಿಂಗಳಾದ ಮೇಲೆ ಒಬ್ಬೊಬ್ಬರಿಗೇ ಫೋನ್ ಮಾಡಿ, ನಿಮ್ಮ ಗ್ರಂಥಾಲಯದಲ್ಲಿ ಏನು ಬದಲಾಯಿತು ಅಂತ ಕೇಳಿದೆ. ಹೆಚ್ಚಿನವರು ಸುಮ್ಮನಾದರು. ಒಬ್ಬರು ಮೇಡಂ ಮಾತ್ರ ಊಟದ ಸಾಲಿನ ಕಥೆ ಹೇಳಿದರು. ಅವರ ಹಿಂದೆ ನಿಂತಿದ್ದವರು ಪಕ್ಕದ ತಾಲೂಕಿನವರು. ಅವರ ಊರಲ್ಲಿ ಶನಿವಾರ ಮಧ್ಯಾಹ್ನ ಪುಸ್ತಕ ಕೊಡುವುದು, ವಾಪಸ್ ಬಂದದ್ದನ್ನು ಬರೆದುಕೊಳ್ಳುವುದು ಎಲ್ಲ ಮಕ್ಕಳದ್ದೇ ಕೆಲಸ. ಅನ್ನ-ಸಾರು ಹಾಕಿಸಿಕೊಳ್ಳುವಷ್ಟರಲ್ಲಿ ಇವರು ಪೂರ್ತಿ ಕೇಳಿ ತಿಳಿದುಕೊಂಡು, ಮುಂದಿನ ವಾರವೇ ತಮ್ಮೂರಲ್ಲೂ ಶುರು ಮಾಡಿದ್ದರು. 'ಭಾಷಣ ಒಂದೂ ನೆನಪಿಲ್ಲ ನೋಡ್ರಿ, ಆ ಅಕ್ಕಾರ ಮಾತು ಮಾತ್ರ ನೆನಪೈತಿ' ಅಂದರು.

ಅಮೆರಿಕದ ಹ್ಯಾರಿಸನ್ ಓವನ್ ಅವರಿಗೂ ಹೀಗೇ ಆಗಿತ್ತು. ವರ್ಷವಿಡೀ ಕಷ್ಟಪಟ್ಟು ಸಮ್ಮೇಳನ ಮಾಡಿದರೆ, ಬಂದವರು ಕಾಫಿ ವಿರಾಮವೇ ಚೆನ್ನಾಗಿತ್ತು ಅಂದರಂತೆ. ಆಮೇಲೆ 1985ರಲ್ಲಿ ಅವರು 'ಓಪನ್ ಸ್ಪೇಸ್' ಪದ್ಧತಿ ಶುರು ಮಾಡಿದರು. ಅದರಲ್ಲಿ ಬಂದವರೇ ವಿಷಯ ಬರೆದು ಗೋಡೆಗೆ ಅಂಟಿಸುತ್ತಾರೆ, ಗುಂಪಾಗಿ ಕೂತು ಮಾತಾಡುತ್ತಾರೆ. ಇಲ್ಲಿ ನನಗೇನೂ ಸಿಗುತ್ತಿಲ್ಲ, ನನ್ನಿಂದಲೂ ಏನೂ ಆಗುತ್ತಿಲ್ಲ ಅನ್ನಿಸಿದರೆ ಎದ್ದು ಇನ್ನೊಂದು ಗುಂಪಿಗೆ ಹೋಗಬಹುದು.

ಮುಂದಿನ ವರ್ಷ ನಾವೂ ಹಾಗೇ ಮಾಡಿದೆವು, ಆದರೆ ಇದ್ದದ್ದು ಇದ್ದ ಹಾಗೆ ಅಲ್ಲ. ಅಧಿಕಾರಿಗಳು ಕೂತಿರುವಾಗ ಮೇಲ್ವಿಚಾರಕರು ಎದ್ದು ಬಂದು ತಮ್ಮ ತೊಂದರೆ ಬರೆಯುವುದಿಲ್ಲ, ಅಲ್ವಾ? ಹಾಗಾಗಿ ಎರಡು ವಾರ ಮೊದಲೇ ಫೋನ್ ಮಾಡಿ, ಒಂದು ತೊಂದರೆ, ಒಂದು ಕೈಗೂಡಿದ ಪ್ರಯತ್ನ ಕೇಳಿ ಅವರದ್ದೇ ಮಾತಲ್ಲಿ ಬರೆದುಕೊಂಡೆವು. ಗೋಡೆಗೆ ಹಾಕಿದ್ದು ಆ ಹಾಳೆಗಳನ್ನೇ, ಹೆಸರಿಲ್ಲದೆ. ಉದ್ಘಾಟನೆ 20 ನಿಮಿಷ, ಊಟಕ್ಕೆ ಒಂದೂವರೆ ತಾಸು. ನಾಲ್ಕು ಗಂಟೆಗೆ ಮುಕ್ತಾಯ, ಯಾಕೆಂದರೆ ದೂರದ ಹೆಣ್ಣುಮಕ್ಕಳು ಊರಿನ ಬಸ್ ಹಿಡಿಯಬೇಕು.

ಇನ್ನೊಂದು ತಪ್ಪನ್ನೂ ತಿದ್ದಿಕೊಂಡೆವು, ನನ್ನ ಪ್ರಕಾರ ಅದೇ ಜಾಸ್ತಿ ಮುಖ್ಯ. 2019ರಲ್ಲಿ ಈ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಕರೆಂಟ್ ಬಿಲ್ಲಾಗಲಿ, ಕಿಟಕಿ ರಿಪೇರಿಯಾಗಲಿ, ಪಂಚಾಯಿತಿ ಕೈ ಹಾಕದೆ ಆಗುವುದಿಲ್ಲ. ಮೊದಲ ಸಲ ಒಬ್ಬ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಅವರನ್ನೂ ಕರೆದಿರಲಿಲ್ಲ. ಎಲ್ಲ ಚರ್ಚೆಯೂ 'ಪಿಡಿಒ ಸಾಹೇಬರು ಒಪ್ಪಬೇಕಲ್ಲ' ಅನ್ನುವಲ್ಲಿಗೆ ಬಂದು ನಿಲ್ಲುತ್ತಿತ್ತು. ಎರಡನೇ ಸಲ ಅವರನ್ನೂ ಕರೆದೆವು. ಎಲ್ಲರೂ ಬರಲಿಲ್ಲ. ಆದರೆ ಬಂದವರಲ್ಲಿ ಒಬ್ಬರು, ಗ್ರಂಥಾಲಯವನ್ನು ರಾತ್ರಿ ಎಂಟರವರೆಗೆ ತೆರೆದಿಡುವ ಪಂಚಾಯಿತಿಯ ಪಿಡಿಒ ಪಕ್ಕ ಹೋಗಿ ಕೂತು, ಖರ್ಚು ಯಾವ ಲೆಕ್ಕದಲ್ಲಿ ಹಾಕುತ್ತೀರಿ, ಆಡಿಟ್‌ನಲ್ಲಿ ತಕರಾರು ಬರಲಿಲ್ಲವಾ ಅಂತ ವಿವರವಾಗಿ ಕೇಳಿಕೊಂಡರು. ಅದನ್ನು ನಾವು ಎಷ್ಟು ಹೇಳಿದ್ದರೂ ಅವರಿಗೆ ಆ ಧೈರ್ಯ ಬರುತ್ತಿರಲಿಲ್ಲ.

ಹೊರಡುವ ಮೊದಲು ಮೇಲ್ವಿಚಾರಕರು, ಪಿಡಿಒ ಇಬ್ಬರೂ ಕೂತು 30 ದಿನದಲ್ಲಿ ಮಾಡುವ ಒಂದೇ ಕೆಲಸ ಬರೆದು ಸಹಿ ಹಾಕಿದರು. ತಿಂಗಳಾದ ಮೇಲೆ ಫೋನ್ ಮಾಡಿದರೆ ಅರ್ಧದಷ್ಟು ಆಗಿತ್ತು, ಉಳಿದವರು ಯಾಕೆ ಆಗಲಿಲ್ಲ ಅಂತ ಸ್ಪಷ್ಟವಾಗಿ ಹೇಳಿದರು.

ಈ ವರ್ಷ ಶಾಲು, ನೆನಪಿನ ಕಾಣಿಕೆ ಬಿಟ್ಟಿದ್ದೇವೆ. ಒಬ್ಬರ ಗ್ರಂಥಾಲಯಕ್ಕೆ ಇನ್ನೊಬ್ಬರು ಹೋಗಿ ಒಂದು ದಿನ ಇದ್ದು ಬರಲು ಆ ಹಣವನ್ನು ಬಸ್ ಚಾರ್ಜಿಗೆ ಇಟ್ಟಿದ್ದೇವೆ. ಮೊದಲ ಜೋಡಿ ಮುಂದಿನ ವಾರ ಹಾವೇರಿಯಿಂದ ಹೊರಡುತ್ತದೆ.